ದಂಡ ಕಾಗದಕ್ಕೋ, ಬ್ರೇಕಿಗೋ?

ರಾತ್ರಿ ಹನ್ನೊಂದೂವರೆಯ ಲೋಕಲ್ ಗಾಡಿಯಿಂದ ಡೊಂಬಿವಲಿಯಲ್ಲಿ ಇಳಿಯುವವರಲ್ಲಿ ನಮ್ಮವರ ಸಂಖ್ಯೆ ಕಡಿಮೆಯದೇನಲ್ಲ. ದಾದರಿನ ಹೊಟೇಲಿನಲ್ಲಿ ಗಲ್ಲಾಪೆಟ್ಟಿಗೆಯ ಲೆಕ್ಕ ಒಪ್ಪಿಸಿ ಬಂದವರು, ಫೋರ್ಟಿನ ಕಚೇರಿಯಲ್ಲಿ ತಿಂಗಳ ಕೊನೆಯ ಲೆಕ್ಕಪತ್ರ ಮುಗಿಸಿ ಬಂದವರು, ಎಲ್ಲರೂ ಸ್ಟೇಷನ್ನಿನ ಹೊರಗೆ ಸಾಲುಗಟ್ಟಿ ನಿಂತು ಶೇರ್ ರಿಕ್ಷಾ ಹಿಡಿಯುತ್ತಾರೆ. ಹಿಂದೆ ಮೂವರು, ಮಳೆಗಾಲವಾದರೆ ಚಾಲಕನ ಪಕ್ಕದಲ್ಲಿ ನಾಲ್ಕನೆಯವರು. ರಿಕ್ಷಾ ಮಾನಪಾಡಾ ರಸ್ತೆಯತ್ತ ತಿರುಗುತ್ತದೆ. ಅದರ ಬ್ರೇಕು ಸರಿಯಾಗಿ ಹಿಡಿಯುವುದೇ, ಟಯರು ಬೋಳಾಗಿದೆಯೇ, ಸರಕಾರದ ಪರೀಕ್ಷೆಯಲ್ಲಿ ಅದು ತೇರ್ಗಡೆಯಾಗಿ ಎಷ್ಟು ಕಾಲವಾಯಿತು ಎಂದು ಕೇಳುವವರು ಯಾರೂ ಇಲ್ಲ. ಕೇಳುವ ವ್ಯವಧಾನವೂ ನಮಗಿಲ್ಲ. ಮನೆ ಸೇರಿದರೆ ಸಾಕೆಂಬುದೊಂದೇ ಚಿಂತೆ.

ನಾವು ಕೇಳದ ಈ ಪ್ರಶ್ನೆಯನ್ನು ನಮ್ಮ ಪರವಾಗಿ ಕೇಳುವ ಹೊಣೆಯನ್ನು ಸರಕಾರವು ಹೊತ್ತಿದೆ. ಕೇಳಿದ ಪ್ರಶ್ನೆಗೆ ಉತ್ತರ ದೊರೆಯದಾಗ ಅದು ವಿಧಿಸುವ ದಂಡವು ನ್ಯಾಯವಾದುದೇ, ಆ ದಂಡದಿಂದ ನಮ್ಮ ಪ್ರಯಾಣವು ಸುರಕ್ಷಿತವಾಗುವುದೇ ಎಂಬುದನ್ನು ಇಂದು ವಾಚಕ ಬಂಧುಗಳೊಡನೆ ವಿಚಾರ ಮಾಡಬೇಕೆಂದಿದ್ದೇನೆ.

ಮೊದಲು ಕಾನೂನಿನ ಮಾತು. ಬಾಡಿಗೆಗೆ ಓಡುವ ರಿಕ್ಷಾ, ಟ್ಯಾಕ್ಸಿ, ಟೆಂಪೋ, ಲಾರಿ, ಬಸ್ಸು ಇವುಗಳಿಗೆಲ್ಲ ವಾಹನವು ರಸ್ತೆಗೆ ಯೋಗ್ಯವಾಗಿದೆಯೆಂಬ ಪ್ರಮಾಣಪತ್ರವೊಂದು ಇರತಕ್ಕದ್ದು. ಊರಿನ ಕಡೆ ಇದನ್ನು ಎಫ್.ಸಿ. ಎನ್ನುತ್ತಾರೆ, ಇಲ್ಲಿಯ ರಿಕ್ಷಾ ಸ್ಟ್ಯಾಂಡುಗಳಲ್ಲಿ ‘ಪಾಸಿಂಗ್’ ಎಂದರೆ ಮಾತ್ರ ತಿಳಿಯುತ್ತದೆ. ಇದು ಹೊಸ ಸಂಗತಿಯೇನಲ್ಲ. ಬ್ರಿಟಿಷರ ಕಾಲದ ೧೯೩೯ರ ಮೋಟಾರು ವಾಹನ ಕಾಯಿದೆಯಲ್ಲಿಯೇ ಇಂತಹ ಪತ್ರದ ಮಾತಿತ್ತು. ಆ ಕಾಯಿದೆಯ ಸ್ಥಾನದಲ್ಲಿ ಬಂದ ೧೯೮೮ರ ಕಾಯಿದೆಯ ೫೬ನೆಯ ಕಲಮು ಇನ್ನೂ ಸ್ಪಷ್ಟವಾಗಿ ಹೇಳುವುದೇನೆಂದರೆ, ಯೋಗ್ಯತಾಪತ್ರವಿಲ್ಲದ ಸಾಗಣೆ ವಾಹನವನ್ನು ನೋಂದಣಿಯೇ ಆಗಿಲ್ಲವೆಂದು ಭಾವಿಸಬೇಕು. ಹೊಸ ವಾಹನಕ್ಕೆ ಈ ಪತ್ರವು ಎರಡು ವರ್ಷಗಳ ಕಾಲ ಸಲ್ಲುವುದು. ಎಂಟು ವರ್ಷ ವಯಸ್ಸಾಗುವವರೆಗೆ ಎರಡು ವರ್ಷಗಳಿಗೊಮ್ಮೆ, ಅನಂತರ ವರ್ಷಕ್ಕೊಮ್ಮೆ ಪರೀಕ್ಷೆಗೆ ಒಪ್ಪಿಸಿ ಹೊಸತಾಗಿ ಪಡೆಯಬೇಕು. ಗುಮಾಸ್ತರ ಸ್ವಂತ ಸ್ಕೂಟರು, ಕಾರುಗಳಿಗೆ ಹದಿನೈದು ವರ್ಷಗಳವರೆಗೆ ಈ ತೊಂದರೆಯಿಲ್ಲ. ಆಮೇಲೆ ಐದು ವರ್ಷಗಳಿಗೊಮ್ಮೆ ಅವೂ ಪರೀಕ್ಷೆಗೆ ಹೋಗಬೇಕು.

ಪತ್ರವಿಲ್ಲದೆ ಓಡಿಸಿದರೆ ಏನು? ನೋಂದಣಿಯಿಲ್ಲದ ವಾಹನವನ್ನು ಓಡಿಸಿದ ಅಪರಾಧವೇ ಆಗುವುದು. ೧೯೨ನೆಯ ಕಲಮಿನಂತೆ ಮೊದಲ ಸಲಕ್ಕೆ ೨,೦೦೦ ರೂಪಾಯಿಗಳಿಗೆ ಕಡಿಮೆಯಿಲ್ಲದ, ೫,೦೦೦ ರೂಪಾಯಿಗಳವರೆಗಿನ ದಂಡ. ಮತ್ತೊಮ್ಮೆ ಸಿಕ್ಕಿಬಿದ್ದರೆ ಒಂದು ವರ್ಷದವರೆಗಿನ ಸೆರೆಮನೆ ಅಥವಾ ೫,೦೦೦ದಿಂದ ೧೦,೦೦೦ ರೂಪಾಯಿಗಳವರೆಗಿನ ದಂಡ ಅಥವಾ ಎರಡೂ. ವಾಹನವನ್ನು ರಸ್ತೆಯಲ್ಲಿಯೇ ತಡೆದು ಜಪ್ತು ಮಾಡುವ ಅಧಿಕಾರವನ್ನು ೨೦೭ನೆಯ ಕಲಮು ಪೋಲೀಸರಿಗೆ ಕೊಟ್ಟಿದೆ. ಇಷ್ಟರಮಟ್ಟಿಗೆ ಯಾರದೂ ತಕರಾರು ಇರಲಾರದು. ಜನರ ಪ್ರಾಣವನ್ನು ಹೊತ್ತು ಓಡುವ ಯಂತ್ರವು ಪರೀಕ್ಷೆಗೆ ಒಳಪಡಲೇಬೇಕು. ಒಳಪಡದೆ ಓಡಿದರೆ ಶಿಕ್ಷೆಯೂ ಆಗಲೇಬೇಕು.

ತಕರಾರು ಎದ್ದುದು ಇನ್ನೊಂದು ದಂಡದ ವಿಷಯದಲ್ಲಿ. ೨೦೧೬ರ ಡಿಸೆಂಬರದಲ್ಲಿ ಕೇಂದ್ರ ಸರಕಾರವು ನಿಯಮಗಳನ್ನು ತಿದ್ದಿ, ಯೋಗ್ಯತಾಪತ್ರದ ಅವಧಿ ಮುಗಿದ ಮೇಲೆ ತಡವಾದ ಪ್ರತಿಯೊಂದು ದಿನಕ್ಕೂ ೫೦ ರೂಪಾಯಿಗಳ ಹೆಚ್ಚುವರಿ ಶುಲ್ಕವನ್ನು ಗೊತ್ತುಪಡಿಸಿತು. ಮಹಾರಾಷ್ಟ್ರದ ವಾಹನ ಮಾಲಿಕರ ಸಂಘಟನೆಯೊಂದು ಮುಂಬಯಿ ಉಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿತು. ೨೦೨೪ರ ಏಪ್ರಿಲ್‌ನಲ್ಲಿ ಆ ಅರ್ಜಿಯು ವಜಾ ಆಗಲು, ಮೇ ತಿಂಗಳಲ್ಲಿ ರಾಜ್ಯದ ಸಾರಿಗೆ ಇಲಾಖೆಯು ವಸೂಲಿಗೆ ಸುತ್ತೋಲೆ ಹೊರಡಿಸಿತು. ರಿಕ್ಷಾ, ಟ್ಯಾಕ್ಸಿ, ಬಸ್ಸುಗಳವರು ರಾಜ್ಯದ ನಾನಾ ಕಡೆ ಪ್ರತಿಭಟನೆಗೆ ಇಳಿದರು. ಕಡೆಗೆ ಅದೇ ವರ್ಷದ ಜುಲೈನಲ್ಲಿ ರಾಜ್ಯ ಸರಕಾರವು ವಸೂಲಿಯನ್ನು ತಡೆಹಿಡಿಯಿತು. ತಡೆಯೆಂದರೆ ರದ್ದತಿಯಲ್ಲ. ನಿಯಮ ಮಾಡಿದುದು ಕೇಂದ್ರ. ರಾಜ್ಯದ ತಡೆಯಾಜ್ಞೆಯಿಂದ ನಿಯಮವು ಅಳಿಸಿಹೋಗಲಿಲ್ಲ. ಆದುದರಿಂದ ವಿಷಯವು ಮುಗಿದ ಕಥೆಯೆಂದು ಕೈಬಿಡುವಂತಿಲ್ಲ.

ಈಗ ಒಂದು ಚಿಕ್ಕ ಲೆಕ್ಕವನ್ನು ನೋಡೋಣ. ನಮ್ಮ ವಾಚಕರಲ್ಲಿ ಲೆಕ್ಕ ಬರೆಯುವವರು ಬಹಳ ಮಂದಿ. ಅವರಿಗೆ ಇದು ಕಷ್ಟವಾಗದು. ಅದೇ ಕಾಯಿದೆಯ ೧೯೦ನೆಯ ಕಲಮು, ದೋಷವಿದೆಯೆಂದು ತಿಳಿದೂ, ಅಥವಾ ಸಾಧಾರಣ ಎಚ್ಚರ ವಹಿಸಿದ್ದರೆ ತಿಳಿಯಬಹುದಾಗಿದ್ದರೂ, ಅಂತಹ ವಾಹನವನ್ನು ಓಡಿಸುವ ಅಪರಾಧಕ್ಕೆ ಸಂಬಂಧಿಸಿದುದು. ಬ್ರೇಕು ಕೆಟ್ಟಿದೆ, ಸ್ಟಿಯರಿಂಗು ಅಲುಗುತ್ತದೆ, ಆದರೂ ಜನರನ್ನು ಕೂರಿಸಿಕೊಂಡು ಹೊರಟ, ಎಂದಿಟ್ಟುಕೊಳ್ಳಿ. ಅಪಘಾತವಾಗದೆ ಸಿಕ್ಕಿಬಿದ್ದರೆ ಈ ಕಲಮಿನಡಿ ಮೊದಲ ಅಪರಾಧಕ್ಕೆ ಅವನ ದಂಡವು ಹೆಚ್ಚೆಂದರೆ ೧,೫೦೦ ರೂಪಾಯಿ. ಇನ್ನೊಬ್ಬನ ರಿಕ್ಷಾ ಸುಸ್ಥಿತಿಯಲ್ಲಿದೆ, ಆದರೆ ಪಾಸಿಂಗಿಗೆ ಒಯ್ಯುವುದು ಮೂವತ್ತು ದಿನ ತಡವಾಯಿತು. ದಿನಕ್ಕೆ ೫೦ರಂತೆ ಅವನ ಶುಲ್ಕವೂ ೧,೫೦೦ ರೂಪಾಯಿಯೇ! ಮೂವತ್ತೊಂದನೆಯ ದಿನದಿಂದ, ಕಾಗದ ತಡಮಾಡಿದವನು ಕೆಟ್ಟ ಬ್ರೇಕಿನವನಿಗಿಂತ ದೊಡ್ಡ ಅಪರಾಧಿಯಾಗುತ್ತಾನೆ. ಒಂದು ವರ್ಷ ಕಳೆದರೆ ಅವನ ಬಾಕಿ ೧೮,೨೫೦ ರೂಪಾಯಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆ ಇಂತಹ ಸಂದರ್ಭಕ್ಕಾಗಿಯೇ ಹುಟ್ಟಿರಬೇಕು.

ನನ್ನ ನೆರೆಯಲ್ಲಿ ಕುಂದಾಪುರದ ಕಡೆಯವರೊಬ್ಬರಿದ್ದಾರೆ. ಹುಡುಗನಾಗಿದ್ದಾಗ ಮುಂಬಯಿಗೆ ಬಂದು, ಹೊಟೇಲಿನಲ್ಲಿ ಕಪ್ಪುಬಸಿ ತೊಳೆಯುವುದರಿಂದ ಆರಂಭಿಸಿ, ಮೇಜಿನ ಕೆಲಸ, ಚಹಾದ ಕೆಲಸ ಎಲ್ಲವನ್ನೂ ದಾಟಿ, ನಲವತ್ತು ಕಳೆದ ಮೇಲೆ ಸಾಲ ಮಾಡಿ ಒಂದು ರಿಕ್ಷಾ ಕೊಂಡವರು. ೨೦೨೩ರ ಚೌತಿಗೆ ಊರಿಗೆ ಹೋದರು. ಹಾಸಿಗೆ ಹಿಡಿದ ತಾಯಿಯನ್ನು ಬಿಟ್ಟುಬರಲಾಗಲಿಲ್ಲ. ರಿಕ್ಷಾ ಚಾಳಿನ ಪಕ್ಕದಲ್ಲಿ ತಾಡಪಾಲು ಹೊದ್ದು ನಿಂತಿತು. ಅಕ್ಟೋಬರದಲ್ಲಿ ಪಾಸಿಂಗಿನ ಅವಧಿ ತೀರಿತು. ತಾಯಿಯ ಉತ್ತರಕ್ರಿಯೆಗಳನ್ನೆಲ್ಲ ಮುಗಿಸಿ ಅವರು ಮರಳಿದಾಗ ೨೦೨೪ರ ಮೇ ಕೊನೆ. ಸರಿಯಾಗಿ ಆಗಲೇ ದಿನದ ದಂಡದ ಸುತ್ತೋಲೆ ಬಂದಿತ್ತು. ಸುಮಾರು ಎಂಟು ತಿಂಗಳಿಗೆ ಸುಮಾರು ಹನ್ನೆರಡು ಸಾವಿರ ರೂಪಾಯಿ!

ಒಂದು ಸಂಜೆ ನನ್ನ ಜಗಲಿಯಲ್ಲಿ ಕುಳಿತು ಅವರು ಹೇಳಿದರು: “ರಿಕ್ಷಾ ಓಡಲೇ ಇಲ್ಲ. ಹೊಗೆ ಬಿಡಲಿಲ್ಲ, ಯಾರಿಗೂ ಬಡಿಯಲಿಲ್ಲ. ನಿಂತದ್ದಕ್ಕೇ ಇಷ್ಟು ದಂಡವಾದರೆ, ಓಡಿದ್ದಕ್ಕೆ ಎಂತ ಹೇಳುವುದು ಮಾರಾಯ್ರೆ?”

ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಅವರು ಮುಂದೆ ಹೇಳಿದ ಮಾತು ನನ್ನನ್ನು ಹೆಚ್ಚು ಕಳವಳಗೊಳಿಸಿತು. ಹನ್ನೆರಡು ಸಾವಿರ ಕೂಡಿಸುವವರೆಗೆ ರಿಕ್ಷಾವನ್ನು ನಿಲ್ಲಿಸಿದರೆ ಸಾಲದ ಹಫ್ತೆ ಕಟ್ಟುವುದೆಂತು? ಹೀಗೆಂದು ಅವರು ರಾತ್ರಿಯ ಹೊತ್ತು, ನಾಕಾದಲ್ಲಿ ಪೋಲೀಸರಿಲ್ಲದ ವೇಳೆ ನೋಡಿ, ಪಾಸಿಂಗಿಲ್ಲದೆಯೇ ಓಡಿಸತೊಡಗಿದ್ದರು. ಎಂಟು ತಿಂಗಳು ನಿಂತ ಗಾಡಿ. ಒಂದು ರಾತ್ರಿ ಇಳಿಜಾರಿನಲ್ಲಿ ಬ್ರೇಕನ್ನು ಮೂರು ಸಲ ಒತ್ತಿದ ಮೇಲೆ ಅದು ಹಿಡಿಯಿತಂತೆ. ಹಿಂದೆ ಕುಳಿತ ಮೂವರಿಗೂ ತಿಳಿಯಲಿಲ್ಲ. “ಅವತ್ತು ನನ್ನ ಕೈ ನಡುಗಿತು ಮಾರಾಯ್ರೆ,” ಎಂದರು. ಜುಲೈನಲ್ಲಿ ವಸೂಲಿ ನಿಂತಿತೆಂದು ಕೇಳಿದ ವಾರವೇ ಅವರು ಬ್ರೇಕು ಸರಿಮಾಡಿಸಿ ಪಾಸಿಂಗಿಗೆ ಒಯ್ದರು.

ಅವರು ಮಾಡಿದುದು ತಪ್ಪು. ಅವರೇ ಅದನ್ನು ಒಪ್ಪುತ್ತಾರೆ. ಆದರೆ ದಂಡದ ಗುಣವನ್ನು ತಿಳಿಯಲು ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ. ಯಾವ ವಾಹನವನ್ನು ಮೊಟ್ಟಮೊದಲು ಪರೀಕ್ಷಿಸಬೇಕಾಗಿತ್ತೋ ಆ ವಾಹನವನ್ನೇ ಈ ದಂಡವು ಪರೀಕ್ಷೆಯ ಬಾಗಿಲಿನಿಂದ ದೂರ ಇರಿಸಿತು. ಸ್ವಲ್ಪ ಆಲೋಚಿಸಿ ನೋಡಿದರೆ ಕಾರಣವು ಸ್ಪಷ್ಟವಾಗುತ್ತದೆ. ದಿನದ ದಂಡವನ್ನು ವಸೂಲು ಮಾಡುವುದು ಎಲ್ಲಿ? ಪರೀಕ್ಷೆಯ ಶುಲ್ಕವನ್ನು ತುಂಬುವಾಗ. ಎಂದರೆ ದಂಡ ಬೀಳುವುದು ತಡವಾಗಿಯಾದರೂ ಪರೀಕ್ಷೆಗೆ ಬಂದವನಿಗೆ; ಬಾರದೇ ಉಳಿದವನಿಗೆ ಅಲ್ಲ. ಬಾರದವನ ಬಾಕಿ ಬೆಳೆಯುತ್ತ ಹೋಗುವುದು ನಿಜ, ಆದರೆ ಬೆಳೆದಷ್ಟೂ ಅವನು ಬರುವ ಸಂಭವ ಕಡಿಮೆಯಾಗುತ್ತ ಹೋಗುವುದು. ಸಾಲ ತೀರಿಸಲಾಗದವನು ಸಾಹುಕಾರನ ಬೀದಿಯಲ್ಲಿ ನಡೆಯುವುದನ್ನೇ ಬಿಡುವಂತೆ, ಇವನು ಆರ್.ಟಿ.ಓ. ಕಚೇರಿಯ ದಾರಿಯನ್ನೇ ಬಿಡುತ್ತಾನೆ.

ಸರಕಾರದ ಪಕ್ಷವನ್ನೂ ನ್ಯಾಯವಾಗಿ ಹೇಳಬೇಕು. ತಡಕ್ಕೆ ಏನೂ ತೆರಬೇಕಾಗಿಲ್ಲವೆಂದಾದರೆ ಜನರು ಪರೀಕ್ಷೆಯನ್ನು ತಿಂಗಳಿಂದ ತಿಂಗಳಿಗೆ ಮುಂದೂಡುವರೆಂಬುದು ಸುಳ್ಳಲ್ಲ. ಬೇಕೆಂದೇ ಹಾಗೆ ಮಾಡುವ ಮಾಲಿಕರು ಇದ್ದಾರೆ. ಲಾಕ್‌ಡೌನ್ ಕಾಲದಲ್ಲಿ ಸರಕಾರವು ನಿರ್ದಯವಾಗಿ ವರ್ತಿಸಲಿಲ್ಲ. ೨೦೨೦ರ ಫೆಬ್ರವರಿಯ ಬಳಿಕ ತೀರಿದ ವಾಹನಪತ್ರಗಳನ್ನು ೨೦೨೧ರ ಅಕ್ಟೋಬರ ಕೊನೆಯವರೆಗೆ ಸಿಂಧುವೆಂದೇ ಎಣಿಸಬೇಕೆಂದು ಕೇಂದ್ರವು ಮತ್ತೆ ಮತ್ತೆ ಅವಧಿ ಏರಿಸುತ್ತ ಬಂತು. ಇಡೀ ದೇಶವೇ ನಿಂತಾಗ, ನಿಂತ ಗಾಡಿಗೆ ದಂಡ ಸಲ್ಲದೆಂಬ ವಿವೇಕ ಸರಕಾರಕ್ಕಿತ್ತು. ಒಬ್ಬನ ಮನೆ ಮಾತ್ರ ನಿಂತಾಗ ಆ ವಿವೇಕ ಏಕೆ ಇರಬಾರದು ಎಂಬುದಷ್ಟೇ ನಮ್ಮ ಪ್ರಶ್ನೆ.

ಇಷ್ಟು ಹೇಳಿ, ದಂಡವೇ ಬೇಡ, ಪರೀಕ್ಷೆಯೇ ಬೇಡ ಎನ್ನುವವರ ಗುಂಪಿಗೆ ನಾನು ಸೇರುವವನಲ್ಲ. ರಾತ್ರಿ ಬಸ್ಸಿನಲ್ಲಿ ಊರಿಗೆ ಹೋಗಿಬರುವ ನಾವು ಆ ಮಾತು ಹೇಳಲಾರೆವು. ೨೦೧೩ರ ಅಕ್ಟೋಬರ ೩೦ರಂದು ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ಬಸ್ಸು ಪಾಲೆಂ ಎಂಬಲ್ಲಿ ಹೊತ್ತಿ ಉರಿದು ೪೫ ಜನ ಸತ್ತರು. ಎರಡೇ ವಾರಗಳಲ್ಲಿ, ನವೆಂಬರ ೧೪ರಂದು, ಬೆಂಗಳೂರಿನಿಂದ ನಮ್ಮ ಮುಂಬಯಿಗೆ ಬರುತ್ತಿದ್ದ ಬಸ್ಸು ಹಾವೇರಿಯ ಬಳಿ ಉರಿದು ಏಳು ಮಂದಿ ಸತ್ತರು. ೨೦೨೫ರ ಅಕ್ಟೋಬರ ೨೪ರ ನಸುಕಿನಲ್ಲಿ ಹೈದರಾಬಾದಿನಿಂದ ಬೆಂಗಳೂರಿಗೆ ಹೊರಟ ಬಸ್ಸು ಕರ್ನೂಲಿನ ಬಳಿ ಮೋಟಾರು ಸೈಕಲ್ಲೊಂದನ್ನು ಎಳೆದೊಯ್ದು ಬೆಂಕಿಗೆ ಆಹುತಿಯಾಯಿತು. ಹತ್ತೊಂಬತ್ತು ಪ್ರಯಾಣಿಕರು ಮಲಗಿದ್ದ ಬಸ್ಸಿನಲ್ಲಿಯೇ ಬೆಂದರು.

ಈ ಕೊನೆಯ ದುರಂತದಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆ ಬಸ್ಸಿನ ಯೋಗ್ಯತಾಪತ್ರದ ಅವಧಿ ಮುಗಿದಿರಲಿಲ್ಲವೆಂದು ಆಗಿನ ವರದಿಗಳಲ್ಲಿ ಬಂದಿತ್ತು. ಕಾಗದವು ಸಿಂಧುವಾಗಿಯೇ ಇತ್ತು, ಜನರು ಸತ್ತರು. ಕಾಗದ ಒಂದು, ಯೋಗ್ಯತೆ ಇನ್ನೊಂದು ಎಂಬುದಕ್ಕೆ ಇದಕ್ಕಿಂತ ಕಠೋರ ಸಾಕ್ಷಿ ಬೇಕೆ?

ಹೊಟೇಲಿನಲ್ಲಿ ದುಡಿದವರಿಗೆ ಈ ಭೇದವನ್ನು ವಿವರಿಸಿ ಹೇಳಬೇಕಾಗಿಲ್ಲ. ತಪಾಸಣೆಯ ಸಾಹೇಬರು ಬರುವರೆಂಬ ಸುದ್ದಿ ಬಂದ ದಿನ ಅಡುಗೆಮನೆಯ ನೆಲ ಕನ್ನಡಿಯಾಗುವುದನ್ನೂ, ಅವರು ಹೋದ ಮರುದಿನ ಮೊದಲಿನಂತೆಯೇ ಆಗುವುದನ್ನೂ ನೋಡಿದವರು ನಾವು. ವಾಹನಗಳ ವಿಷಯದಲ್ಲಿಯೂ ಹಾಗೆಯೇ. ಪಾಸಿಂಗಿನ ದಿನಕ್ಕೆ ಒಳ್ಳೆಯ ಟಯರುಗಳನ್ನು ಎರವಲು ತಂದು ತೊಡಿಸಿ, ಸಂಜೆ ಬಿಚ್ಚಿ ಹಿಂದಿರುಗಿಸುತ್ತಾರೆಂಬ ಮಾತು ಗ್ಯಾರೇಜುಗಳಲ್ಲಿ ಕೇಳಿಬರುವುದು ಇಂದುನಿನ್ನೆಯದಲ್ಲ. ಪರೀಕ್ಷೆಯ ನಡವಳಿಕೆಯೂ ಕೋರ್ಟಿನ ಕಟ್ಟೆ ಹತ್ತಿದ್ದುಂಟು. ಪುಣೆಯ ನಾಗರಿಕರೊಬ್ಬರ ಸಾರ್ವಜನಿಕ ಹಿತದ ಅರ್ಜಿಯ ಮೇಲೆ ಮುಂಬಯಿ ಉಚ್ಚ ನ್ಯಾಯಾಲಯವು, ಬ್ರೇಕನ್ನು ಪರೀಕ್ಷಿಸಲು ೨೫೦ ಮೀಟರು ಉದ್ದದ ಓಟದ ಪಥವಿಲ್ಲದ ಆರ್.ಟಿ.ಓ. ಕಚೇರಿಗಳು ಯೋಗ್ಯತಾಪತ್ರ ಕೊಡಕೂಡದೆಂದು ಕಟ್ಟುನಿಟ್ಟು ಮಾಡಿತು. ೨೦೧೮ರಲ್ಲಿ ಈ ಆಜ್ಞೆಯ ಬಿಸಿಯು ರಾಜ್ಯದ ಅನೇಕ ಕಚೇರಿಗಳಿಗೆ ತಟ್ಟಿತು. ಓಡಿಸಿ ನೋಡಲು ಜಾಗವೇ ಇಲ್ಲದಿದ್ದಾಗ ಬ್ರೇಕು ಸರಿಯಿದೆಯೆಂದು ಬರೆದುಕೊಟ್ಟದ್ದು ಯಾವ ಆಧಾರದಿಂದ? ಮನುಷ್ಯರ ಕಣ್ಣಳತೆಯನ್ನು ನಂಬದೆ ಯಂತ್ರಗಳಿಂದಲೇ ಪರೀಕ್ಷಿಸುವ ಕೇಂದ್ರಗಳಿಗೆ ಕೇಂದ್ರ ಸರಕಾರವು ೨೦೨೧ರಲ್ಲಿ ನಿಯಮಗಳನ್ನು ಹೊರಡಿಸಿತು; ಕಡ್ಡಾಯದ ದಿನಾಂಕವು ಒಂದಕ್ಕಿಂತ ಹೆಚ್ಚು ಸಲ ಮುಂದೆ ಹೋಯಿತು. ಸರಕಾರವು ತನ್ನ ತಡಕ್ಕೆ ದಿನಕ್ಕೆ ಐವತ್ತು ರೂಪಾಯಿ ಕಟ್ಟುವ ಪದ್ಧತಿ ಇದ್ದಿದ್ದರೆ, ಆ ಬಾಕಿ ಎಷ್ಟಾಗುತ್ತಿತ್ತೆಂದು ವಾಚಕರೇ ಊಹಿಸಲಿ.

ದಂಡವು ಯಾರ ಮೇಲೆ ಬೀಳಬೇಕೆಂಬ ಇನ್ನೊಂದು ಪ್ರಶ್ನೆ ನಮ್ಮ ಸಮಾಜಕ್ಕೆ ತೀರ ಹತ್ತಿರವಾದುದು. ತುರ್ಭೆಯ ಮಾರುಕಟ್ಟೆಯಿಂದ ನಸುಕಿನಲ್ಲಿ ತರಕಾರಿ ತುಂಬಿಕೊಂಡು ಶೀಳಫಾಟಾದ ಮಾರ್ಗವಾಗಿ ಡೊಂಬಿವಲಿ, ಕಲ್ಯಾಣಗಳ ಹೊಟೇಲುಗಳಿಗೆ ಬರುವ ಟೆಂಪೋಗಳನ್ನು ನೋಡಿ. ಚಕ್ರ ಹಿಡಿದವನು ಸಂಬಳದ ಹುಡುಗ; ಗಾಡಿ ಯಜಮಾನರದು. ಪಾಸಿಂಗ್ ತೀರಿರುವುದು ಹುಡುಗನಿಗೆ ಗೊತ್ತಿರುವುದಿಲ್ಲ. ಗೊತ್ತಿದ್ದರೂ “ಇವತ್ತು ಗಾಡಿ ತೆಗೆಯುವುದಿಲ್ಲ” ಎನ್ನುವ ಧೈರ್ಯ ಅವನಿಗೆಲ್ಲಿಯದು? ನಾಕಾದಲ್ಲಿ ತಡೆದಾಗ ನಿಲ್ಲುವವನು ಅವನು, ಬೈಗಳು ತಿನ್ನುವವನು ಅವನು. ದಂಡದ ಹಣವನ್ನು ಅವನ ಸಂಬಳದಿಂದಲೇ ಮುರಿದುಕೊಳ್ಳುವ ಯಜಮಾನರೂ ಇದ್ದಾರೆ. ಎಲ್ಲರೂ ಹಾಗಲ್ಲ, ಹುಡುಗರನ್ನು ಮನೆಮಕ್ಕಳಂತೆ ಸಾಕಿ, ಓದಿಸಿ, ಮುಂದೆ ತಂದವರು ನಮ್ಮ ಹೊಟೇಲು ಉದ್ಯಮದಲ್ಲಿ ಬೇಕಾದಷ್ಟು ಮಂದಿ. ಆದರೆ ಕಾನೂನು ಒಳ್ಳೆಯವರನ್ನು ನಂಬಿ ಕಣ್ಣುಮುಚ್ಚುವಂತಿಲ್ಲ.

ವಾಸ್ತವವಾಗಿ ಕಾನೂನು ಕಣ್ಣು ಮುಚ್ಚಿಯೂ ಇಲ್ಲ. ೧೯೦ ಮತ್ತು ೧೯೨ನೆಯ ಕಲಮುಗಳೆರಡೂ ಓಡಿಸಿದವನನ್ನು ಮಾತ್ರವಲ್ಲದೆ, ಓಡಿಸುವಂತೆ ಮಾಡಿದವನನ್ನೂ, ಓಡಿಸಲು ಬಿಟ್ಟವನನ್ನೂ ಸಮಾನವಾಗಿ ಅಪರಾಧಿಯೆನ್ನುತ್ತವೆ. ಈ ಮಾತನ್ನು ನಮ್ಮ ಚಾಲಕ ಬಂಧುಗಳು ಗಟ್ಟಿಯಾಗಿ ನೆನಪಿಡಬೇಕು. ಗಾಡಿಗೆ ಪತ್ರ ಮಾಡಿಸುವುದು ಮಾಲಿಕನ ಹೊಣೆಯೇ ಹೊರತು ಸಂಬಳದವನದಲ್ಲ.

ಯಜಮಾನರೂ ಒಂದು ಮಾತನ್ನು ನೆನಪಿಡುವುದೊಳ್ಳೆಯದು. ಪಾಸಿಂಗಿನ ಹಣ ಉಳಿಯಿತೆಂದು ಹಿಗ್ಗುವವರಿಗೆ ನಿಜವಾದ ದಂಡ ಕಾದಿರುವುದು ಆರ್.ಟಿ.ಓ. ಕಚೇರಿಯಲ್ಲಲ್ಲ, ಪರಿಹಾರದ ನ್ಯಾಯಮಂಡಲಿಯಲ್ಲಿ. ಯೋಗ್ಯತಾಪತ್ರವಿಲ್ಲದ ವಾಹನದಿಂದ ಅಪಘಾತವಾದರೆ, ಅದು ವಿಮೆಯ ಕರಾರಿನ ಮೂಲವನ್ನೇ ಮುರಿದಂತೆ ಎಂದು ಕೇರಳದ ಉಚ್ಚ ನ್ಯಾಯಾಲಯದ ಪೂರ್ಣಪೀಠವು ೨೦೧೮ರಲ್ಲಿ ಹೇಳಿದೆ. ಅಂದರೆ ಗಾಯಗೊಂಡವನಿಗೆ ವಿಮಾ ಕಂಪೆನಿಯು ಮೊದಲು ಹಣ ಕೊಟ್ಟರೂ, ಅನಂತರ ಅದನ್ನು ಮಾಲಿಕನಿಂದ ವಸೂಲು ಮಾಡಿಕೊಳ್ಳಬಹುದು. ಒಬ್ಬನ ಕಾಲು ಹೋದುದಕ್ಕೆ, ಒಂದು ಸಂಸಾರದ ಆಧಾರಸ್ತಂಭ ಬಿದ್ದುದಕ್ಕೆ ಗೊತ್ತಾಗುವ ಮೊತ್ತವು ಲಕ್ಷಗಳ ಲೆಕ್ಕದ್ದು. ಹೊಟೇಲು ಮಾರಿದರೂ ತೀರದ ಸಾಲವದು.

ಪರದೇಶಗಳಲ್ಲಿ ಏನು ಮಾಡಿದ್ದಾರೆಂದು ನೋಡುವುದರಲ್ಲಿ ತಪ್ಪಿಲ್ಲ. ಇಂಗ್ಲೆಂಡಿನಲ್ಲಿ ೧೯೬೦ರಲ್ಲಿ ಹತ್ತು ವರ್ಷ ಹಳೆಯ ಕಾರುಗಳ ಪರೀಕ್ಷೆ ಆರಂಭವಾಯಿತು. ಅದರಿಂದ ಪಾಠ ಕಲಿತು, ಮರುವರ್ಷವೇ ಆ ಹತ್ತನ್ನು ಏಳಕ್ಕಿಳಿಸಿದರು; ೧೯೬೭ರಲ್ಲಿ ಮೂರಕ್ಕಿಳಿಸಿದರು. ಪತ್ರವಿಲ್ಲದೆ ರಸ್ತೆಯಲ್ಲಿ ಸಿಕ್ಕವನಿಗೆ ಅಲ್ಲಿ ೧,೦೦೦ ಪೌಂಡುಗಳವರೆಗೆ ದಂಡವಾಗಬಹುದು. ಆದರೆ ಪರೀಕ್ಷಾಕೇಂದ್ರಕ್ಕೇ ಗಾಡಿಯನ್ನು ಒಯ್ಯುತ್ತಿರುವವನು, ಮುಂಗಡವಾಗಿ ದಿನ ಗೊತ್ತುಮಾಡಿಕೊಂಡಿದ್ದರೆ, ಅವನಿಗೆ ವಿನಾಯಿತಿಯುಂಟು. ಐರ್ಲೆಂಡಿನಲ್ಲಿ ಹಣದ ಜತೆಗೆ ಚಾಲಕನ ಲೈಸೆನ್ಸಿನ ಮೇಲೆ ದಂಡಾಂಕಗಳನ್ನು ದಾಖಲಿಸುವರು. ದುಬಾಯಿಯಲ್ಲಿರುವ ನಮ್ಮ ಊರವರನ್ನು ಕೇಳಿದರೆ, ಹಳೆಯ ಗಾಡಿಯು ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಅಲ್ಲಿ ನೋಂದಣಿಯ ನವೀಕರಣವೇ ಆಗದೆಂದು ಹೇಳುತ್ತಾರೆ. ಇವುಗಳೊಳಗಿನ ತಿರುಳು ಒಂದೇ: ರಸ್ತೆಯಲ್ಲಿ ಓಡಿಸಿದವನಿಗೆ ಬಿಗಿ, ಪರೀಕ್ಷೆಗೆ ಬರುವವನಿಗೆ ದಾರಿ.

ಹಾಗಾದರೆ ನಮ್ಮಲ್ಲಿ ಆಗಬೇಕಾದುದೇನು? ಒಂದನೆಯದಾಗಿ, ದಿನದೊಂದು ದಂಡಕ್ಕೆ ಒಂದು ಮಿತಿ ಇರಬೇಕು. ತಿಂಗಳ ಮೇಲೆ ಬೆಳೆಯದಂತೆ ಅದನ್ನು ನಿಲ್ಲಿಸಿದರೆ, ತಡಮಾಡಿದವನಿಗೆ ಬುದ್ಧಿಯೂ ಬರುವುದು, ಬಾಗಿಲೂ ಮುಚ್ಚದು. ಎರಡನೆಯದಾಗಿ, ಕಾಯಿಲೆಯಿಂದಲೋ, ಊರಿಗೆ ಹೋದುದರಿಂದಲೋ ಗಾಡಿಯನ್ನು ನಿಲ್ಲಿಸುವವನು ಮುಂಚಿತವಾಗಿ ಬರೆದು ತಿಳಿಸಿದರೆ ಆ ಅವಧಿಗೆ ದಂಡ ಇರಕೂಡದು. ವಾಹನ ತೆರಿಗೆಯ ವಿಷಯದಲ್ಲಿ ಹೀಗೆ ತಿಳಿಸುವ ಪದ್ಧತಿ ಈ ರಾಜ್ಯಕ್ಕೆ ಹೊಸತಲ್ಲ. ಹಾಗೆ ತಿಳಿಸಿಯೂ ಕದ್ದು ಓಡಿಸಿದರೆ ಇಮ್ಮಡಿ ಶಿಕ್ಷೆಯಾಗಲಿ, ನಾವು ಅಡ್ಡಬರುವುದಿಲ್ಲ. ಮೂರನೆಯದಾಗಿ, ಕೆಟ್ಟ ಬ್ರೇಕಿಗೆ ಇರುವ ೧,೫೦೦ ರೂಪಾಯಿಗಳ ದಂಡವು ನಗೆಗೀಡಾದುದು. ದೋಷವನ್ನು ತಿಳಿದೂ ಜನರನ್ನು ತುಂಬಿಕೊಂಡ ಬಸ್ಸಿನ, ಲಾರಿಯ ಮಾಲಿಕನಿಗೆ ಆ ಮೊತ್ತವು ಒಂದು ಊಟದ ಖರ್ಚು. ಹೆಚ್ಚಿಸಬೇಕಾದುದು ಆ ದಂಡವನ್ನು, ಮತ್ತು ಅದನ್ನು ಮಾಲಿಕನ ಮೇಲೆ. ನಾಲ್ಕನೆಯದಾಗಿ, ಪರೀಕ್ಷೆಯು ನಿಜವಾದ ಪರೀಕ್ಷೆಯಾಗಬೇಕು. ದಿನ ಗೊತ್ತುಮಾಡಿ ಕರೆದು ನೋಡುವುದರ ಜತೆಗೆ, ಸ್ಟ್ಯಾಂಡಿನಲ್ಲಿ, ಬಸ್ಸು ಹೊರಡುವ ಸ್ಥಳದಲ್ಲಿ ಅನಿರೀಕ್ಷಿತವಾಗಿ ಬಂದು ನೋಡುವ ಕ್ರಮವೂ ಇರಬೇಕು. ಅಪಾಯಕಾರಿಯಾದ ವಾಹನದ ನೋಂದಣಿಯನ್ನು ಅಮಾನತು ಮಾಡುವ ಅಧಿಕಾರ ೫೩ನೆಯ ಕಲಮಿನಲ್ಲಿ ಈಗಲೇ ಇದೆ. ಬಳಸುವ ಮನಸ್ಸು ಬೇಕು.

ಸರಕಾರಕ್ಕೆ ಇಷ್ಟು ಹೇಳಿ ನಾವು ಕೈಕಟ್ಟಿ ಕೂರಬಹುದೇ? ಕೂಡದು. ನಮ್ಮಿಂದಾಗುವ ಕೆಲಸಗಳಿವೆ, ಅವು ಕಷ್ಟದವೂ ಅಲ್ಲ. ಇಂದು ಹೊಟೇಲಿನ ಹುಡುಗನ ಕೈಯಲ್ಲಿಯೂ ಮೊಬೈಲು ಇದೆ. ಸರಕಾರದ್ದೇ ಆದ ಎಂಪರಿವಾಹನ್ ಎಂಬ ಆ್ಯಪ್‌ನಲ್ಲಿ ವಾಹನದ ಸಂಖ್ಯೆಯನ್ನು ಕೊಟ್ಟರೆ ಅದರ ಯೋಗ್ಯತಾಪತ್ರವು ಎಂದಿನವರೆಗೆ ಸಲ್ಲುವುದೆಂಬುದು ತೋರುವುದು. ಊರಿಗೆ ಹೋಗುವ ಬಸ್ಸಿಗೆ ಟಿಕೀಟು ತೆಗೆದ ಮೇಲೆ, ಹತ್ತುವ ಮುನ್ನ ಆ ಸಂಖ್ಯೆಯನ್ನೊಮ್ಮೆ ನೋಡಿಕೊಳ್ಳಲು ಎರಡು ನಿಮಿಷ ಸಾಕು. ಮಕ್ಕಳನ್ನು ಶಾಲೆಗೆ ಒಯ್ಯುವ ಬಸ್ಸು, ವ್ಯಾನುಗಳ ವಿಷಯದಲ್ಲಂತೂ ಇದು ತಾಯಿತಂದೆಯರ ಕರ್ತವ್ಯವೆಂದೇ ಹೇಳಬೇಕು. ಶಾಲಾ ಬಸ್ಸುಗಳಿಗಾಗಿ ಮಹಾರಾಷ್ಟ್ರ ಸರಕಾರವು ೨೦೧೧ರಲ್ಲಿ ಪ್ರತ್ಯೇಕ ನಿಯಮಗಳನ್ನೇ ಮಾಡಿದೆ, ಅದನ್ನು ಕೇಳುವ ಹಕ್ಕು ಪೋಷಕರಿಗಿದೆ.

ರಿಕ್ಷಾ, ಟೆಂಪೋ ಇಟ್ಟುಕೊಂಡಿರುವ ನಮ್ಮ ಬಂಧುಗಳು ಪಾಸಿಂಗಿನ ಕೊನೆಯ ದಿನವನ್ನು ಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಬರೆದ��ಡಲಿ; ಸಿ.ಎನ್.ಜಿ. ಗಾಡಿಯಾದರೆ ಮೂರು ವರ್ಷಗಳಿಗೊಮ್ಮೆ ಸಿಲಿಂಡರನ್ನು ಪರೀಕ್ಷಿಸಬೇಕಾದ ದಿನವನ್ನೂ ಅದರ ಪಕ್ಕದಲ್ಲಿಯೇ ಬರೆಯಲಿ. ಡೊಂಬಿವಲಿ ಕರ್ನಾಟಕ ಸಂಘದಂತಹ ನಮ್ಮ ಸಂಸ್ಥೆಗಳು ವರ್ಷಕ್ಕೊಮ್ಮೆ ಒಂದು ಭಾನುವಾರ, ನಾಟಕ, ಯಕ್ಷಗಾನಗಳ ನಡುವೆ ಬಿಡುವು ಮಾಡಿಕೊಂಡು, ವಕೀಲರೊಬ್ಬರನ್ನೂ ನುರಿತ ಮೆಕ್ಯಾನಿಕರೊಬ್ಬರನ್ನೂ ಕರೆಯಿಸಿ ಚಾಲಕರಿಗೆ ತಿಳಿವಳಿಕೆ ಕೊಡಿಸಿದರೆ ಅದೂ ಒಂದು ಸಮಾಜಸೇವೆಯೇ. ಮರಾಠಿ ಅರ್ಜಿಯನ್ನು ಓದಲು ತಿಣುಕುವ ಮುದುಕ ಚಾಲಕನಿಗೆ ಅದನ್ನು ತುಂಬಿಕೊಡಲು ನಮ್ಮ ಗುಮಾಸ್ತ ತರುಣರು ಅರ್ಧ ಗಂಟೆ ಕೊಟ್ಟರೆ ಅವರ ಗಂಟೇನೂ ಕಳೆಯದು.

ನನ್ನ ನೆರೆಯವರ ರಿಕ್ಷಾ ಈಗ ಸರಿಯಾಗಿದೆ. ಅವರ ಕ್ಯಾಲೆಂಡರಿನಲ್ಲಿ ಮುಂದಿನ ಪಾಸಿಂಗಿನ ದಿನಕ್ಕೆ ಕೆಂಪು ಗೆರೆ ಬಿದ್ದಿದೆ. ಆದರೆ ರಾತ್ರಿ ಹನ್ನೊಂದೂವರೆಗೆ ಸ್ಟೇಷನ್ನಿನ ಹೊರಗೆ ನಿಲ್ಲುವ ಆ ಸಾಲಿನಲ್ಲಿ, ಬಾಕಿಗೆ ಹೆದರಿ ಪರೀಕ್ಷೆಯ ದಾರಿ ಬಿಟ್ಟ ರಿಕ್ಷಾಗಳು ಎಷ್ಟಿವೆಯೋ ಬಲ್ಲವರಾರು? ಅವುಗಳಲ್ಲಿ ಕೂರುವವರು ನಾವೇ. ಆದುದರಿಂದ ಈ ದಂಡದ ಪ್ರಶ್ನೆಯು ಕೇವಲ ರಿಕ್ಷಾದವರದೆಂದು ತಿಳಿಯಬಾರದು. ಕಾಗದ ಒಂದು ದಿನ ತಡವಾದರೆ ಯಾರೂ ಸಾಯುವುದಿಲ್ಲ. ಬ್ರೇಕು ಒಂದು ಕ್ಷಣ ತಡವಾದರೆ ಸಾಯುತ್ತಾರೆ. ದಂಡ ವಿಧಿಸುವವರು ಈ ಎರಡು ತಡಗಳ ನಡುವಣ ಅಂತರವನ್ನು ಅರಿತು ನಡೆದರೆ ಅಷ್ಟೇ ಸಾಕು.